ಇಂಚಿಗೆ ಐವತ್ತಾರು ಲೀಟರ್

ಮೂರನೇ ಕ್ಲಾಸಿನ ಮಗಳು ಶಾಲೆಯಿಂದ ತಂದ ಹಾಳೆಯ ನೆತ್ತಿಯ ಮೇಲೆ ‘ವಾಟರ್ ಆಡಿಟ್’ ಎಂದಿತ್ತು. ಪಕ್ಕದಲ್ಲಿ ನಗುವ ಹನಿಯ ಚಿತ್ರ, ಅದಕ್ಕೆ ಎರಡು ಕೈ, ಎರಡು ಕಾಲು. 2024ರ ಮಾರ್ಚ್, ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಕೈಕೊಡುತ್ತಿದ್ದ ತಿಂಗಳು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು, ನಲ್ಲಿಗಳಿಗೆ ಏರಿಯೇಟರ್ ಹಾಕಿಸಿ ಎಂದು ಗಡುವನ್ನೂ ಕೊಟ್ಟಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗಿನ ಶುಭೋದಯದ ಹೂಗಳೆಲ್ಲ ಮಾಯವಾಗಿ ಅಲ್ಲಿ ಟ್ಯಾಂಕರ್ ಡ್ರೈವರುಗಳ ನಂಬರು ಓಡಾಡುತ್ತಿದ್ದವು. ಇಂಥ ಹೊತ್ತಿನಲ್ಲಿ ಮಕ್ಕಳ ಕೈಲಿ ನೀರಿನ ಲೆಕ್ಕ ಹಾಕಿಸಲು ಹೊರಟಿದ್ದು ಒಳ್ಳೆಯದೇ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತೀಯಾ? ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ನಲ್ಲಿ ತಿರುಗಿಸುತ್ತೀಯಾ? ಎಷ್ಟು ಲೋಟ? ಎಷ್ಟು ಮಗ್? ಕಡಿಮೆ ಬಂದವರಿಗೆ ಹಸಿರು ನಕ್ಷತ್ರ.

ಪೆನ್ಸಿಲ್ ಕಚ್ಚುತ್ತಾ ಕೂತಿದ್ದ ಮಗಳು, “ಅಮ್ಮಾ, ನಿಮ್ ಸ್ಕೂಲಲ್ಲೂ ಇದೆಲ್ಲ ಮಾಡಿಸ್ತಿದ್ರಾ?” ಅಂದಳು. ಮಾಡಿಸಿದ್ದರು. ಹಾಳೆ ಕೊಟ್ಟಿರಲಿಲ್ಲ, ಅಷ್ಟೇ. ಒಂದು ಮರದ ಸ್ಕೇಲು, ಒಂದು ಬಕೆಟ್ಟು, ಒಂದು ಸ್ಟೀಲ್ ಚೊಂಬು ಮತ್ತು ಬೈಂಡು ಹಾಕಿದ ನೋಟ್‌ಬುಕ್ಕು ಕೊಟ್ಟಿದ್ದರು.

ನಮ್ಮೂರು ಪಾವಗಡ ತಾಲ್ಲೂಕಿನದು. ತುಮಕೂರು ಜಿಲ್ಲೆಗೆ ಸೇರಿದ್ದರೂ ನಕ್ಷೆಯಲ್ಲಿ ಜಿಲ್ಲೆಗೆ ಅಂಟದೆ ಆಚೆ ಕೂತ ತಾಲ್ಲೂಕು ಅದು, ಸುತ್ತ ಹೆಚ್ಚೂಕಡಿಮೆ ಆಂಧ್ರವೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಎಂದು ಪುಸ್ತಕ ಹೇಳುತ್ತದೆ. ನಾನು ಒಂಬತ್ತನೇ ಕ್ಲಾಸಿಗೆ ಬಂದ 2004ಕ್ಕೆ ಮುಂಚೆ ಸಾಲಾಗಿ ಮೂರು ವರ್ಷ ಬರ ಬಿದ್ದು ಆ ಲೆಕ್ಕವೂ ಸುಳ್ಳಾಗಿತ್ತು. ಬಿತ್ತಿದ ಕಡ್ಲೆಕಾಯಿ ಬೀಜಕ್ಕೂ ವಾಪಸಾಗಲಿಲ್ಲ. ಬೀದಿಯ ಅರ್ಧ ಗಂಡಸರು ಬೆಂಗಳೂರಿನ ಕಟ್ಟಡಗಳಲ್ಲಿ ಸಿಮೆಂಟು ಕಲಸುತ್ತಿದ್ದರು. ನೀರು ಕೆಳಗಿಳಿದಷ್ಟೂ ಬೋರು ಕೆಳಗಿಳಿಯಿತು, ಬೋರು ಇಳಿದಷ್ಟೂ ಫ್ಲೋರೈಡ್ ಮೇಲೆ ಬಂತು. ನಮ್ಮ ತಾಲ್ಲೂಕಿನವರನ್ನು ಹಲ್ಲು ನೋಡಿ ಹೇಳಬಹುದಿತ್ತು. ಕಂದು ಗೆರೆ ಬಿದ್ದ, ಅಂಚು ಸವೆದ ಹಲ್ಲು. ನನ್ನ ಗೆಳತಿಯೊಬ್ಬಳಿದ್ದಳು, ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತಿತ್ತು, ನಗು ಆಮೇಲೆ ಹೊರಬರುತ್ತಿತ್ತು. ಈ ಬರಹದಲ್ಲಿ ಅವಳು ಮತ್ತೆ ಮತ್ತೆ ಬರುತ್ತಾಳೆ.

ಪ್ರೈಮರಿ ಶಾಲೆ, ಹೈಸ್ಕೂಲು ಎರಡೂ ಒಂದೇ ಕಾಂಪೌಂಡಿನಲ್ಲಿದ್ದವು. ಎಲ್ಲ ಸೇರಿ ಮುನ್ನೂರ ಐವತ್ತು ಮಕ್ಕಳು. ಬೇವಿನ ಮರದ ಕೆಳಗೆ ಮೇಲ್ಮುಚ್ಚಳವಿಲ್ಲದ ಒಂದು ಸಿಮೆಂಟಿನ ತೊಟ್ಟಿ, ಅದರ ಬುಡಕ್ಕೆ ನಾಲ್ಕು ನಲ್ಲಿ. ಬೆಳಿಗ್ಗೆ ಪಂಚಾಯಿತಿಯ ನೀರುಗಂಟಿ ಸೈಕಲ್ಲಿನಲ್ಲಿ ಬಂದು ವಾಲ್ವು ತಿರುಗಿಸಿದರೆ ಆ ತೊಟ್ಟಿ ತುಂಬಬೇಕು. ಅವನು ಬರುವುದು ತ್ರೀಫೇಸ್ ಕರೆಂಟಿನ ಮರ್ಜಿಯ ಮೇಲೆ. ಒಮ್ಮೆ ತುಂಬಿತೆಂದರೆ ಇಡೀ ದಿನಕ್ಕೆ ಅಷ್ಟೇ.

ವಿಜ್ಞಾನದ ಮೇಷ್ಟ್ರು ತೀರ್ಥಹಳ್ಳಿ ಕಡೆಯವರು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಹುಯ್ಯುವ ಆಗುಂಬೆಯ ಪಕ್ಕದಿಂದ ಬಂದವರಿಗೆ ನಮ್ಮೂರಿನಲ್ಲಿ ಪೋಸ್ಟಿಂಗ್ ಕೊಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಬಂದ ಹೊಸದರಲ್ಲಿ ಅವರು ಊಟ ಮುಗಿಸಿ ಕೈ ತೊಳೆಯುವುದನ್ನು ನೋಡಲು ನಾವು ಸಾಲಾಗಿ ನಿಲ್ಲುತ್ತಿದ್ದೆವು. ಮೊಣಕೈವರೆಗೆ ನೀರು, ಆಮೇಲೆ ಬಾಯಿ ಮುಕ್ಕಳಿಸುವುದು, ಆಮೇಲೆ ಕಾಲು. ನಲ್ಲಿ ಮಾತ್ರ ಹರಿಯುತ್ತಲೇ ಇರುತ್ತಿತ್ತು. ಒಂದು ದಿನ ಅಡುಗೆಯ ಅಜ್ಜಿ ಏನೂ ಹೇಳದೆ ಹೋಗಿ ನಲ್ಲಿ ನಿಲ್ಲಿಸಿ ಬಂದಳು. ಮೇಷ್ಟ್ರ ಮುಖ ಕೆಂಪಾಯಿತು. ಆಮೇಲೆ ಅವರೂ ಚೊಂಬು ಹಿಡಿದರು.

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಆ ವರ್ಷ ಕೊಟ್ಟ ಮುಖ್ಯ ವಿಷಯ ಜಲಸಂಪನ್ಮೂಲ. ಐದು ಮಕ್ಕಳ ತಂಡ, ಒಬ್ಬರು ಮಾರ್ಗದರ್ಶಿ ಶಿಕ್ಷಕರು. ಊರಿನ ಒಂದು ಸಮಸ್ಯೆ ಹಿಡಿದು ಅಳೆದು, ವರದಿ ಬರೆದು, ಚಾರ್ಟು ಮಾಡಿ ಜಿಲ್ಲಾ ಮಟ್ಟದಲ್ಲಿ ಮಂಡಿಸಬೇಕು. ಬೇರೆ ಶಾಲೆಗಳು ಕೆರೆ, ಕಾಲುವೆ, ಅಣೆಕಟ್ಟು ಹಿಡಿದರೆ ನಮ್ಮ ಮೇಷ್ಟ್ರು ತೊಟ್ಟಿ ಹಿಡಿದರು. “ಕೆರೆ ಯಾಕೆ ಮಾರಾಯ್ರೆ, ಇಲ್ಲೇ ಎದುರಿಗಿದೆಯಲ್ಲ ಇದರ ಲೆಕ್ಕ ಯಾರಾದ್ರೂ ಹೇಳಿ ನೋಡುವ” ಎಂದರು. ಯಾರಿಗೂ ಗೊತ್ತಿರಲಿಲ್ಲ. ಹೆಡ್‌ಮಾಸ್ಟರಿಗೆ, ನೀರುಗಂಟಿಗೆ, ತೊಟ್ಟಿ ಕಟ್ಟಿಸಿದ ಪಂಚಾಯಿತಿಗೂ. ಗೆಳತಿ, ನಾನು, ಮೂವರು ಹುಡುಗರು ತಂಡವಾದೆವು.

ಮೀಟರಿಲ್ಲದ ನೀರನ್ನು ಅಳೆಯುವುದು ಹೇಗೆ ಎಂಬುದನ್ನು ಆ ಮೇಷ್ಟ್ರು ಕಲಿಸಿದ ರೀತಿಯನ್ನು ನಾನು ಆಮೇಲೆ ಎಂಜಿನಿಯರಿಂಗ್ ಓದುವಾಗಲೂ ಕಾಣಲಿಲ್ಲ. ತೊಟ್ಟಿಯ ಒಳಗಿನ ಉದ್ದ ಆರು ಅಡಿ, ಅಗಲ ನಾಲ್ಕು. ಒಂದು ಇಂಚು ನೀರು ಇಳಿಯಿತೆಂದರೆ ಎರಡು ಘನ ಅಡಿ ಖರ್ಚಾಯಿತು. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ಇಂಚಿಗೆ 56 ಚಿಲ್ಲರೆ ಲೀಟರ್. ಇಷ್ಟು ಗೊತ್ತಾದ ಮೇಲೆ ಸ್ಕೇಲೇ ಮೀಟರು. ತೊಟ್ಟಿಯ ಒಳಗೋಡೆಯ ಮೇಲೆ ಇಂಚಿಂಚಿಗೆ ಕೆಂಪು ಪೇಂಟಿನ ಗೆರೆ ಎಳೆದೆವು. ಪ್ರಾರ್ಥನೆಗೆ ಮುಂಚೆ, ಊಟಕ್ಕೆ ಮುಂಚೆ, ಊಟದ ನಂತರ, ಕೊನೆಯ ಗಂಟೆಗೆ, ಹೀಗೆ ದಿನಕ್ಕೆ ನಾಲ್ಕು ಸಲ ಗೆರೆ ನೋಡಿ ಬರೆಯುವುದು. ಪೀರಿಯಡ್ ಮಧ್ಯೆ ಎದ್ದು ಹೋಗಲು ನಮಗೆ ಪರವಾನಗಿ ಇತ್ತು. ಆ ಒಂದು ಕಾರಣಕ್ಕೇ ಇಡೀ ಕ್ಲಾಸು ತಂಡಕ್ಕೆ ಸೇರಲು ಹಾತೊರೆಯುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು.

ಶಾಲೆಯ ಹೊತ್ತಿನಲ್ಲಿ ತೊಟ್ಟಿ ಸರಾಸರಿ 28 ಇಂಚು ಇಳಿಯುತ್ತಿತ್ತು. ಅದು ನಿರೀಕ್ಷಿಸಿದ್ದೇ. ನಮ್ಮನ್ನು ಬೆಚ್ಚಿಸಿದ್ದು ರಾತ್ರಿ. ಸಂಜೆ ಗಂಟೆ ಹೊಡೆದಾಗ ಬರೆದ ಗೆರೆಗೂ ಬೆಳಿಗ್ಗೆ ನೀರುಗಂಟಿ ಬರುವ ಮುಂಚಿನ ಗೆರೆಗೂ ಐದು ಇಂಚಿನ ವ್ಯತ್ಯಾಸ. ಬೀಗ ಹಾಕಿದ ಗೇಟಿನೊಳಗೆ, ಒಬ್ಬ ಮನುಷ್ಯನೂ ಇಲ್ಲದ ಹೊತ್ತಿನಲ್ಲಿ 280 ಲೀಟರ್ ನೀರು ಎಲ್ಲಿಗೆ ಹೋಗುತ್ತದೆ? ಮೇಷ್ಟ್ರ ಕಣ್ಣು ಹೊಳೆದವು. ಯಾರೂ ಬಳಸದ ಹೊತ್ತಿನಲ್ಲಿ ಎಷ್ಟು ಇಳಿಯುತ್ತದೋ ಅದೇ ಸೋರಿಕೆ ಎಂದರು. ದೊಡ್ಡ ನಗರಗಳ ನೀರು ಸರಬರಾಜಿನವರೂ ಸೋರಿಕೆ ಹಿಡಿಯಲು ನಡುರಾತ್ರಿಯ ಹರಿವನ್ನೇ ಅಳೆಯುತ್ತಾರೆಂದು ನನಗೆ ತಿಳಿದಿದ್ದು ಬಹಳ ವರ್ಷಗಳ ಮೇಲೆ.

ಮೂರನೇ ನಲ್ಲಿಯ ವಾಷರ್ ಸವೆದಿತ್ತು. ಅದರ ಬಾಯಿಗೆ ಒಂದು ಲೀಟರಿನ ಚೊಂಬು ಕಟ್ಟಿ ಗಡಿಯಾರ ನೋಡಿದೆವು. ಹತ್ತು ನಿಮಿಷಕ್ಕೆ ತುಂಬಿತು. ಗಂಟೆಗೆ ಆರು ಲೀಟರ್, ಸಂಜೆಯಿಂದ ಬೆಳಗಿನವರೆಗಿನ ಹದಿನೇಳು ಗಂಟೆಗೆ ನೂರಾ ಎರಡು. ಎರಡು ಇಂಚೂ ಆಗಲಿಲ್ಲ. ಇನ್ನೂ ಮೂರು ಇಂಚಿಗೆ ಲೆಕ್ಕವಿಲ್ಲ. ತೊಟ್ಟಿಯ ತಳದಲ್ಲಿ ಬಿರುಕಿದೆಯೇ ಎಂದು ಸುತ್ತ ಮಣ್ಣು ಕೆದಕಿದೆವು. ಒಣಗಿ ಬಿರುಸಾಗಿತ್ತು. “ಮೂರು ಇಂಚು ಅಂದ್ರೆ ಹನ್ನೊಂದು ಬಿಂದಿಗೆ” ಎಂದಳು ಗೆಳತಿ ಇದ್ದಕ್ಕಿದ್ದಂತೆ. ಮೇಷ್ಟ್ರು ಲೀಟರಿನಲ್ಲಿ ಯೋಚಿಸುತ್ತಿದ್ದರು, ಅವಳು ಬಿಂದಿಗೆಯಲ್ಲಿ. ಹಾಗಾಗಿ ಉತ್ತರ ಅವಳಿಗೆ ಮೊದಲು ಸಿಕ್ಕಿತ್ತು. ಆದರೆ ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ.

ಹುಡುಗರು ಪತ್ತೇದಾರರಾಗಿ ಮುಂಜಾನೆ ಐದಕ್ಕೇ ಕಾಂಪೌಂಡಿನ ಹಿಂದೆ ಕಾದು ಕೂತರು. ಕುಸಿದ ಗೋಡೆಯ ಸಂದಿನಿಂದ ಕಾಲೋನಿಯ ಹೆಂಗಸರು ಸದ್ದಿಲ್ಲದೆ ಬಂದು ತೊಟ್ಟಿಯಿಂದ ನೀರು ಮೊಗೆದುಕೊಂಡು ಹೋದರು. ಕಾಲೋನಿಯ ಬೋರಿಂಗು ಕೆಟ್ಟು ಎಷ್ಟೋ ತಿಂಗಳಾಗಿತ್ತು. ಊರೊಳಗಿನ ನಲ್ಲಿಯ ಸಾಲಿನಲ್ಲಿ ಅವರ ಬಿಂದಿಗೆಗಳು ಯಾವಾಗಲೂ ಕೊನೆಗೆ. ಯಾಕೆಂದು ಆ ಊರಿನಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬಂದವರಲ್ಲಿ ಗೆಳತಿಯ ಅವ್ವನೂ ಇದ್ದಳು.

‘ಕಳ್ಳತನ’ ಎಂದು ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ಬರೆದೇಬಿಟ್ಟಿದ್ದ. ಮೇಷ್ಟ್ರು ಓದಿದರು. ಗೆಳತಿ ಕಿಟಕಿಯ ಕಡೆ ನೋಡುತ್ತಿದ್ದಳು. ಅವರು ಕೆಂಪು ಪೆನ್ನು ತೆಗೆದು ಆ ಪದ ಹೊಡೆದು ಹಾಕಿ, ಪಕ್ಕದ ‘ಬಳಕೆ’ ಎಂಬ ಕಲಮಿನಲ್ಲಿ 170 ಲೀಟರ್ ಎಂದು ಬರೆದರು. “ಪೋಲಾದದ್ದು ಬೇರೆ, ಬಳಸಿದ್ದು ಬೇರೆ. ಇದು ಯಾರದೋ ಮನೆಯ ಮುದ್ದೆಗೆ ಹೋಗಿದೆ” ಎಂದರು. ಅದರ ಮುಂದಕ್ಕೆ ಅವರೂ ಹೋಗಲಿಲ್ಲ. ಬೋರಿಂಗು ರಿಪೇರಿಗೆ ಒಂದು ಅರ್ಜಿ ಬರೆಸಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನಮಗೆ ಆ ಕೆಂಪು ಗೆರೆಯೇ ದೊಡ್ಡದು. ಮೂವತ್ತರೊಳಗಿನ ಪರವೂರಿನ ಮೇಷ್ಟ್ರು ಆ ಊರಿನಲ್ಲಿ ಅದಕ್ಕಿಂತ ಹೆಚ್ಚು ಏನು ಮಾಡಬಹುದಿತ್ತೋ ನನಗೆ ಖಚಿತವಿಲ್ಲ.

ವಾಷರ್ ಬದಲಾಯಿಸಿದೆವು. ಆಮೇಲೆ ಹಿಡಿದದ್ದು ಬಿಸಿಯೂಟದ ತಟ್ಟೆಗಳನ್ನು. ಹೈಸ್ಕೂಲಿಗೆ ಆಗ ಬಿಸಿಯೂಟ ಬಂದಿರಲಿಲ್ಲ. ಐದನೇ ಕ್ಲಾಸಿನವರೆಗಿನ ನೂರಿಪ್ಪತ್ತು ಮಕ್ಕಳು ಉಂಡು ನಲ್ಲಿಗೆ ಮುಗಿಬೀಳುತ್ತಿದ್ದರು. ಅರ್ಧ ನೀರು ತಟ್ಟೆಗೆ, ಅರ್ಧ ಪಕ್ಕದವನ ಚಡ್ಡಿಗೆ. ಅಳೆದಾಗ ತಟ್ಟೆಗೆ ಮೂರು ಲೀಟರ್ ಬಂತು. ಇದಕ್ಕೆ ಪರಿಹಾರ ಹೇಳಿದ್ದು ಮೇಷ್ಟ್ರಲ್ಲ, ಅಡುಗೆಯ ಅಜ್ಜಿ. ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವ ಹಾಗೆ ಮೂರು ದೊಡ್ಡ ಬೋಸಿ ಸಾಲಾಗಿ ಇಡಿ ಎಂದಳು. ಉಳಿದ ಅನ್ನ ಸಾರು ಮೊದಲು ಕಲಗಚ್ಚಿನ ಬಾನಿಗೆ. ಮೊದಲ ಬೋಸಿಯಲ್ಲಿ ಬೂದಿ ಹಾಕಿ ಉಜ್ಜುವುದು, ಎರಡನೆಯದರಲ್ಲಿ ಜಾಲಿಸುವುದು, ಮೂರನೆಯದರಲ್ಲಿ ತಿಳಿನೀರು. ಮೊದಲನೆಯದು ಕೊಳೆಯಾದಾಗ ಚೆಲ್ಲಿ, ಎರಡನೆಯದನ್ನು ಮೊದಲಿನ ಜಾಗಕ್ಕೆ, ಮೂರನೆಯದನ್ನು ಎರಡನೆಯ ಜಾಗಕ್ಕೆ ಸರಿಸಿ, ಹೊಸ ನೀರು ಕೊನೆಯದಕ್ಕೆ ಮಾತ್ರ. ಮುನ್ನೂರ ಅರವತ್ತು ಲೀಟರ್ ಹಿಡಿಯುತ್ತಿದ್ದ ಕೆಲಸ ನೂರಾ ಹತ್ತಕ್ಕೆ ಮುಗಿಯಿತು. ಚೆಲ್ಲಿದ ನೀರಿಗೆ ಹೊಂಗೆ ಸಸಿ ನೆಟ್ಟೆವು. ಒಟ್ಟು ಉಳಿತಾಯ ದಿನಕ್ಕೆ ಆರು ಇಂಚು. ಇಂಚಿನಲ್ಲೇ ಹೇಳುತ್ತಿದ್ದೆವು, ಲೀಟರು ವರದಿಗೆ ಮಾತ್ರ.

ಮೇಷ್ಟ್ರು ತುಮಕೂರಿನಿಂದ ಒಂದು ಫ್ಲೋರೈಡ್ ಕಿಟ್ ತಂದಿದ್ದರು. ಪರೀಕ್ಷಾ ನಳಿಗೆಗೆ ತೊಟ್ಟಿಯ ನೀರು, ಅದಕ್ಕೆ ದ್ರಾವಣದ ಕೆಲವು ತೊಟ್ಟು. ಗುಲಾಬಿ ಬಣ್ಣ ಉಳಿದರೆ ಚಿಂತೆಯಿಲ್ಲ, ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಅದರ ಗರಿಷ್ಠ ಮಿತಿ. ನಮ್ಮ ನಳಿಗೆ ಅರಿಸಿನ ಕಲಸಿದ ಹಾಗೆ ಹಳದಿಯಾಯಿತು. ಸೆಪ್ಟೆಂಬರಿನ ಒಂದು ಮಳೆಗೆ ಬೋಸಿ ಇಟ್ಟು ಹಿಡಿದ ನೀರು ಗುಲಾಬಿಯಾಗೇ ಉಳಿಯಿತು. ಮೇಷ್ಟ್ರು ಅಂದೇ ಕರಿಹಲಗೆಯ ಮೇಲೆ ಲೆಕ್ಕ ಹಾಕಿದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಹೊಸ ಕಟ್ಟಡದ ತಾರಸಿ 200 ಚದರ ಮೀಟರ್. 550 ಮಿಲಿಮೀಟರಿನಲ್ಲಿ ಹತ್ತಕ್ಕೆ ಎಂಟು ಪಾಲು ಸಿಕ್ಕರೂ ವರ್ಷಕ್ಕೆ 88,000 ಲೀಟರ್. ಮಗುವಿಗೆ ದಿನಕ್ಕೊಂದು ಲೀಟರಿನಂತೆ ಕುಡಿಯಲು ಮಾತ್ರ ಇಟ್ಟುಕೊಂಡರೆ 250 ದಿನ, ಅಂದರೆ ಇಡೀ ಶಾಲಾ ವರ್ಷ. ಆ ಹಲಗೆಯನ್ನು ಯಾರೂ ಅಳಿಸಬಾರದೆಂದು ಮೂಲೆಯಲ್ಲಿ ಬರೆದಿಟ್ಟಿದ್ದರು. ಕನ್ನಡದ ಮೇಡಂ ಮಾರನೇ ದಿನವೇ ಅಳಿಸಿದರು, ಅವರಿಗೆ ಸಂಧಿ ಮಾಡಬೇಕಿತ್ತು.

ಕೊನೆಗೆ ಉಳಿದದ್ದು ಪ್ರಶ್ನಾವಳಿ. ಮೂವತ್ತು ಹುಡುಗರು, ಮೂವತ್ತು ಹುಡುಗಿಯರನ್ನು ಕೇಳಿ ಬರೆಯುವುದು: ಶಾಲೆಯಲ್ಲಿ ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ? ಹುಡುಗಿಯರನ್ನು ಕೇಳುವ ಕೆಲಸ ಗೆಳತಿಯದು, ಚಾರ್ಟಿಗೆ ಬಣ್ಣ ತುಂಬುವುದು ನನ್ನದು. ನನ್ನ ಅಕ್ಷರ ಗುಂಡಾಗಿತ್ತು. ಹುಡುಗರ ಸರಾಸರಿ ನಾಲ್ಕು ಲೋಟ ಬಂತು. ಹುಡುಗಿಯರದು ಒಂದೂ ಆಗಲಿಲ್ಲ. ಅವಳ ಹಾಳೆಯ ತುಂಬ ಸೊನ್ನೆಗಳು. ಕೆಲವು ಸೊನ್ನೆಗಳ ಪಕ್ಕ ಅವಳು ಸಣ್ಣಗೆ ‘ಮನೆಗೋದ್ಮೇಲೆ’ ಎಂದು ಬರೆದುಕೊಂಡಿದ್ದಳು. ಚಾರ್ಟಿನಲ್ಲಿ ಹುಡುಗರಿಗೆ ಕೆಂಪು ಕಂಬ, ಹುಡುಗಿಯರಿಗೆ ಗಿಡ್ಡ ಹಸಿರು ಕಂಬ. ತಲೆಬರಹ: ‘ನೀರಿನ ಮಿತಬಳಕೆಯಲ್ಲಿ ಬಾಲಕಿಯರೇ ಮುಂದು’. ಮೇಷ್ಟ್ರು ಹೇಳಿದರು, ನಾನು ಬರೆದೆ, ಹೆಡ್‌ಮಾಸ್ಟರು ನೋಡಿ ಭೇಷ್ ಎಂದರು.

ಸೊನ್ನೆ ಯಾಕೆಂದು ನಮಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಟ್ಟಡದ ಹಿಂದೆ ಒಂದು ಶೌಚಾಲಯವಿತ್ತು. ಅದಕ್ಕೆ ಬೀಗವಿತ್ತು, ಬೀಗದ ಕೈ ಹೆಡ್‌ಮಾಸ್ಟರ ಕೋಣೆಯ ಮೊಳೆಗೆ ನೇತಾಡುತ್ತಿತ್ತು, ಅದು ಮೇಡಂಗಳಿಗೆ. ಒಳಗೆ ನಲ್ಲಿಯಿರಲಿಲ್ಲ. ಹುಡುಗರಿಗೆ ಕಾಂಪೌಂಡಿನ ಗೋಡೆ ಸಾಕಿತ್ತು. ನಾವು ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ಐದಕ್ಕೆ ಮನೆ ಸೇರುವವರೆಗೆ ತಡೆದುಕೊಳ್ಳುತ್ತಿದ್ದೆವು, ತಡೆದುಕೊಳ್ಳುವ ಉಪಾಯವೆಂದರೆ ಕುಡಿಯದಿರುವುದು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕಂದಿರನ್ನು ನೋಡಿ ಕಲಿತದ್ದು. ತಿಂಗಳಿಗೆ ಮೂರು ದಿನ ‘ಹೊಟ್ಟೆನೋವು’. ಅದು ಹಾಜರಿ ಪುಸ್ತಕದಲ್ಲಿ ಗೈರಾಗಿ ದಾಖಲಾಗುತ್ತಿತ್ತು, ನೀರಿನ ಪುಸ್ತಕದಲ್ಲಿ ಉಳಿತಾಯವಾಗಿ. ಉರಿಮೂತ್ರ ಎಂದರೆ ಬಿಸಿಲಿನ ರೋಗ ಎಂದೇ ನಾವೆಲ್ಲ ನಂಬಿದ್ದೆವು. ಅಮ್ಮಂದಿರು ಜೀರಿಗೆ ನೀರು ಕುಡಿಸುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಅದು ‘ಪ್ರಾಜೆಕ್ಟಿನ ವಿಷಯ’ ಎಂದು ನಮಗೆ ಹೊಳೆಯಲಿಲ್ಲ. ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ತೊಟ್ಟಿಯ ಇಂಚಿಂಚನ್ನೂ ಅಳೆದ ಮನುಷ್ಯ ಕಟ್ಟಡದ ಹಿಂಬದಿಗೆ ಒಮ್ಮೆಯೂ ಹೋಗಿರಲಿಲ್ಲ.

ತುಮಕೂರಿನಲ್ಲಿ ಜಿಲ್ಲಾ ಮಟ್ಟದ ಮಂಡನೆ. ನಮ್ಮ ಮೂರು ಬೋಸಿಯ ಪದ್ಧತಿಗೆ ಚಪ್ಪಾಳೆ ಬಿತ್ತು. ತೀರ್ಪುಗಾರರಲ್ಲಿ ಕಾಲೇಜು ಅಧ್ಯಾಪಕಿಯೊಬ್ಬರಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಚಾರ್ಟನ್ನು ನಿಧಾನಕ್ಕೆ ಓದಿದರು. “ನಿಮ್ಮ ಶಾಲೇಲಿ ತಲೆಗೆ ದಿನಕ್ಕೆ ನಾಲ್ಕೂವರೆ ಲೀಟರ್ ಖರ್ಚು ಅಂತ ಬರೆದಿದ್ದೀರಿ. ಹಗಲು ಶಾಲೆಗೆ ತಲಾ 45 ಲೀಟರ್ ಬೇಕು ಅಂತ ಭಾರತೀಯ ಮಾನಕ ಸಂಸ್ಥೆಯೇ ಹೇಳತ್ತೆ. ಇರೋದೇ ಹತ್ತರಲ್ಲಿ ಒಂದು ಪಾಲು, ಅದರಲ್ಲೂ ಉಳಿಸಿದ್ದೀರಿ. ಸರಿ. ಈ ಹಸಿರು ಕಂಬ ಏನು?” ಹುಡುಗನೊಬ್ಬ ಬಾಯಿಪಾಠ ಒಪ್ಪಿಸಿದ: ಬಾಲಕಿಯರು ಮನೆಯಲ್ಲಿ ನೀರು ತರುವವರಾದ್ದರಿಂದ ಅದರ ಬೆಲೆ ಅರಿತು ಮಿತವಾಗಿ ಬಳಸುತ್ತಾರೆ. ಅಧ್ಯಾಪಕಿ ಅವನ ಕಡೆ ನೋಡಲಿಲ್ಲ. ನಮ್ಮಿಬ್ಬರ ಕಡೆ ತಿರುಗಿ ದನಿ ತಗ್ಗಿಸಿ, “ಸ್ಕೂಲಲ್ಲಿದ್ದಾಗ ಎಲ್ಲಿಗೆ ಹೋಗ್ತೀರಮ್ಮಾ?” ಎಂದರು.

ನಾನು ಚಾರ್ಟಿನ ಅಂಚು ಸರಿಮಾಡುತ್ತಿದ್ದೆ.

“ಹೋಗಲ್ಲ ಮೇಡಂ” ಎಂದಳು ಗೆಳತಿ. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

ರಾಜ್ಯಮಟ್ಟಕ್ಕೆ ನಾವು ಆಯ್ಕೆಯಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೇಷ್ಟ್ರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು, ತಾವು ಕಾಫಿ ಮಾತ್ರ ಕುಡಿದರು. ಊರಿಗೆ ಹೋಗುವವರೆಗೂ ಮಾತಿಲ್ಲ. ಆ ಸೋಮವಾರ ಅವರಿಗೂ ಹೆಡ್‌ಮಾಸ್ಟರಿಗೂ ಕೋಣೆಯೊಳಗೆ ಏರುದನಿಯಲ್ಲಿ ಮಾತಾಯಿತು. ಬೀಗದ ಕೈ ಮೊಳೆಯಿಂದ ಇಳಿದು ಹತ್ತನೇ ಕ್ಲಾಸಿನ ಹುಡುಗಿಯರ ಲೀಡರ್ ಕೈಗೆ ಬಂತು. ದಿನಾ ಬೆಳಿಗ್ಗೆ ಎರಡು ಬಕೆಟ್ ನೀರು ತುಂಬಿಡುವುದು ಹುಡುಗರ ಪಾಳಿ. ಹುಡುಗರು ಮುಸಿಮುಸಿ ನಕ್ಕರು, ಎರಡು ದಿನ ನಕ್ಕು ಬೇಜಾರಾಗಿ ಸುಮ್ಮನಾದರು. ಪ್ರಾಜೆಕ್ಟು ಮುಗಿದಿದ್ದರೂ ಮೇಷ್ಟ್ರು ಗೆರೆ ನೋಡುವುದನ್ನು ನಿಲ್ಲಿಸಬೇಡಿ ಎಂದರು. ಜನವರಿ ಹೊತ್ತಿಗೆ ತೊಟ್ಟಿ ದಿನಕ್ಕೆ ಒಂದೂವರೆ ಇಂಚು ಹೆಚ್ಚು ಇಳಿಯತೊಡಗಿತು. ನಾವು ಅಪರಾಧಿಗಳಂತೆ ನೋಟ್‌ಬುಕ್ಕು ತೋರಿಸಿದೆವು. ಅವರು ಆ ಪುಟದ ಕೆಳಗೆ ರುಜು ಹಾಕಿ, ಪಕ್ಕದಲ್ಲಿ ‘ಉತ್ತಮ’ ಎಂದು ಬರೆದರು.

ಅದು ನಡೆದದ್ದು ಅವರಿಗೆ ವರ್ಗಾವಣೆಯಾಗುವವರೆಗೆ. ಆಮೇಲೆ ಬೀಗದ ಕೈ ಮತ್ತೆ ಮೊಳೆಗೆ ಹೋಯಿತು. ಒಬ್ಬ ಒಳ್ಳೆಯ ಮೇಷ್ಟ್ರ ಮೇಲೆ ನಿಂತ ವ್ಯವಸ್ಥೆ ಅವರ ಟ್ರಂಕಿನ ಜೊತೆಯೇ ಬಸ್ಸು ಹತ್ತುತ್ತದೆ. ಅವರ ಬಗ್ಗೆ ನನಗೆ ಈಗಲೂ ಗೌರವವಿದೆ, ಸ್ವಲ್ಪ ಸಿಟ್ಟೂ ಇದೆ. ಪರವೂರಿನ ಹೆಂಗಸೊಬ್ಬರು ಒಂದೇ ಪ್ರಶ್ನೆಯಲ್ಲಿ ಕಂಡುಹಿಡಿದದ್ದನ್ನು ದಿನಾ ನಮ್ಮೆದುರಿಗಿದ್ದವರು ಕೇಳಲಿಲ್ಲವಲ್ಲ ಎಂದು. ಶಾಲೆಯಲ್ಲಿ ಮೇಡಂಗಳೂ ಇದ್ದರು, ಅವರ ಮೇಲೂ ಇದೆ.

ರಾಜ್ಯಕ್ಕೆ ಐವತ್ತು ತುಂಬಿದ ಸಮಯದಲ್ಲಿ ಸರ್ಕಾರ ‘ಸುವರ್ಣ ಜಲ’ ಎಂಬ ಯೋಜನೆಯಲ್ಲಿ ಗ್ರಾಮೀಣ ಶಾಲೆಗಳ ತಾರಸಿಯ ಮಳೆನೀರು ಹಿಡಿಯಲು ತೊಟ್ಟಿ ಕಟ್ಟಿಸಿತು. ನಮ್ಮ ಶಾಲೆಗೂ ಬಂತು. ಕಾಲೇಜಿನಿಂದ ರಜೆಗೆ ಬಂದಾಗ ನೋಡಿದೆ. ಮೇಷ್ಟ್ರ ಕರಿಹಲಗೆಯ ಲೆಕ್ಕ ಸಿಮೆಂಟಿನಲ್ಲಿ ನಿಂತ ಹಾಗಿತ್ತು. ಇನ್ನೊಂದು ರಜೆಗೆ ಬರುವಷ್ಟರಲ್ಲಿ ತಾರಸಿಯಿಂದ ಇಳಿದ ಪೈಪು ಕಳಚಿತ್ತು, ಫಿಲ್ಟರಿನ ಜಲ್ಲಿಯ ಮೇಲೆ ಬೇವಿನೆಲೆ ಕೊಳೆತು ಕಪ್ಪಾಗಿತ್ತು. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸುವವರು ಯಾರು, ಫಿಲ್ಟರ್ ತೊಳೆಯುವವರು ಯಾರು ಎಂದು ಯೋಜನೆಯ ಯಾವ ಕಾಗದದಲ್ಲಾದರೂ ಬರೆದಿತ್ತೋ ಏನೋ, ಶಾಲೆಯಲ್ಲಂತೂ ಯಾರಿಗೂ ಆ ಕೆಲಸ ಹಂಚಿರಲಿಲ್ಲ. ಹುಡುಗರಿಗೆ ಆ ತೊಟ್ಟಿ ಕ್ರಿಕೆಟ್ಟಿನ ವಿಕೆಟ್ಟಾಗಿತ್ತು.

2014ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯದ ಮಾತಾಡಿದಾಗ ನಾನು ಆಫೀಸಿನ ಗೆಳತಿಯರ ಜೊತೆ ಕೂತು ಕೇಳಿದೆ. ಒಬ್ಬಳು ಹಾಸನದವಳು, ಒಬ್ಬಳು ಬಾಗಲಕೋಟೆಯವಳು. ಮೂವರಿಗೂ ಅದೇ ಕತೆಯಿತ್ತು. 2019ರಲ್ಲಿ ಕೇರಳವನ್ನು ನೋಡಿ ನಮ್ಮ ಶಿಕ್ಷಣ ಇಲಾಖೆಯೂ ‘ವಾಟರ್ ಬೆಲ್’ ತಂದಿತು; ಮಕ್ಕಳು ನೀರು ಕುಡಿಯುವುದಿಲ್ಲ, ಗಂಟೆ ಹೊಡೆದು ಕುಡಿಸಿ ಎಂದು. ಗಂಟೆ ಒಳ್ಳೆಯದೇ. ಆದರೆ ಮಕ್ಕಳು ನೀರು ಕುಡಿಯದಿರುವುದು ಮರೆವಿನಿಂದ ಎಂದುಕೊಂಡವರು ಮಾತ್ರ ಗಂಟೆಯೊಂದರಿಂದಲೇ ಕೆಲಸವಾಗುತ್ತದೆಂದು ನಂಬಬಲ್ಲರು.

ನನ್ನ ಮಗಳ ಶಾಲೆಯಲ್ಲಿ ಕೈ ಒಡ್ಡಿದರೆ ನೀರು ಬಿಡುವ ಸೆನ್ಸರ್ ನಲ್ಲಿಗಳಿವೆ. ಆಡಿಟ್ ಹಾಳೆಯಲ್ಲಿ ‘ಶಾಲೆಯಲ್ಲಿ’ ಎಂಬ ಸಾಲಿಗೆ ಅವಳು ಒಂದು ಎಂದು ಬರೆದಳು. ಬ್ಯಾಗು ತೆರೆದು ನೋಡಿದೆ. ಬೆಳಿಗ್ಗೆ ತುಂಬಿಸಿದ ಬಾಟಲಿ ಮುಕ್ಕಾಲು ಹಾಗೇ ಇದೆ. “ಟಾಯ್ಲೆಟ್ ವಾಸನೆ ಬರತ್ತಮ್ಮಾ, ನಾವ್ಯಾರೂ ಹೋಗಲ್ಲ” ಎಂದಳು, ಅದೇನು ದೊಡ್ಡ ವಿಷಯ ಎಂಬಂತೆ. ಅವಳ ಕ್ಲಾಸಿಗೆ ಹಸಿರು ನಕ್ಷತ್ರ ಬಂತು. ನಾನು ಕ್ಲಾಸ್ ಟೀಚರಿಗೆ ಫೋನು ಮಾಡಿದೆ. ಆಕೆ ಒಳ್ಳೆಯ ಹುಡುಗಿ, ನಿಜವಾಗಿ ಬೇಸರಪಟ್ಟುಕೊಂಡಳು, ಹೌಸ್‌ಕೀಪಿಂಗಿಗೆ ಹೇಳುತ್ತೇನೆಂದಳು. ಫೋನಿಡುವ ಮುಂಚೆ, “ಮೇಡಂ, ಸ್ಟಾಫ್ ಟಾಯ್ಲೆಟ್ಟೂ ಹಾಗೇ ಇದೆ” ಎಂದು ಸಣ್ಣಗೆ ಸೇರಿಸಿದಳು.

ಆ ರಾತ್ರಿ ಊರಿನ ಗೆಳತಿಗೆ ಫೋನು ಹಚ್ಚಿದೆ. ಅವಳು ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದಳು. ಅವಳು ಹೋಗಿ ಸೇರಿದ್ದು ತಿರುಮಣಿ ಕಡೆ. 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂತಲ್ಲ, ಆ ಕಡೆ. ಗಂಡನ ಮನೆಯವರು ಜಮೀನನ್ನು ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ. ನೀರಿಲ್ಲದ ನೆಲಕ್ಕೆ ಬಿಸಿಲಿನಿಂದ ಬಾಡಿಗೆ ಬರುತ್ತದೆ ಎಂದು ಅವಳೇ ತಮಾಷೆ ಮಾಡುತ್ತಾಳೆ. ಈಗ ಊರಿನ ಶಾಲೆಯ ಎಸ್‌ಡಿಎಂಸಿ ಸದಸ್ಯೆ.

“ನಿಮ್ ಸ್ಕೂಲಲ್ಲಿ ನೀರಿನ ಕತೆ ಏನೇ?” ಎಂದೆ.

“ನಲ್ಲಿ ಬಂದೈತೆ. ಗೋಡೆ ಮೇಲೆ ದೊಡ್ಡದಾಗಿ ಬರ್ದವ್ರೆ, ಇದು ಜಲಜೀವನ್ ನಲ್ಲಿ ಅಂತ. ಕುಡಿಯಾಕೆ ಫಿಲ್ಟರ್ ನೀರು ಕ್ಯಾನಾಗೆ ತರಿಸ್ತೀವಿ. ಹೆಣ್ಮಕ್ಳದ್ದೂ ಕಟ್ಟೈತೆ, ಟೈಲ್ಸು ಗೀಲ್ಸು ಹಾಕಿ ಜೋರಾಗೈತೆ.”

“ಮತ್ತೆ?”

“ಒಳಗೆ ನಲ್ಲಿ ಇಲ್ಲ ಕಣೇ. ನಲ್ಲಿ ಇರೋದು ಆಚೆ, ಊಟದ ಕಡೆ. ನಾನು ಸೇರಿದ ಮೇಲೆ ದಿನಾ ಕೇಳ್ತೀನಿ ಹುಡುಗೀರ್ನ, ಏಟು ಸಲ ಕುಡುದ್ರಿ ಇವತ್ತು ಅಂತ. ಅಷ್ಟು ಕೇಳಿದ್ರೆ ಸಾಕು, ಮಿಕ್ಕಿದ್ದು ಗೊತ್ತಾಗುತ್ತೆ.”

ಅಧ್ಯಾಪಕಿಯ ಪ್ರಶ್ನೆಯನ್ನು ತಿರುಗಿಸಿ ಇಪ್ಪತ್ತು ವರ್ಷದ ಮೇಲೆ ತನ್ನದೇ ಒಂದು ಅಳತೆಗೋಲು ಮಾಡಿಕೊಂಡಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಈ ಕಾಲದ ಯಾವ ಆಡಿಟ್ ಹಾಳೆಯಲ್ಲೂ ಆ ಪ್ರಶ್ನೆ ಹಾಗಿಲ್ಲ. ಅಲ್ಲಿ ಸೊನ್ನೆ ಬಂದರೆ ನಕ್ಷತ್ರ, ಇವಳಲ್ಲಿ ಸೊನ್ನೆ ಬಂದರೆ ಪಂಚಾಯಿತಿಗೆ ಅರ್ಜಿ.

ಅರ್ಜಿ ಬರೆದುಕೊಡು, ನಿನ್ನ ಅಕ್ಷರ ಚೆಂದ ಎಂದಳು. ಟೈಪ್ ಮಾಡುವಾಗ ಅಕ್ಷರ ಎಲ್ಲಿಂದ ಬಂತು ಎಂದು ನಾನು ನಕ್ಕೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಎಂದು ಶುರುಮಾಡಿ, ಒಂದು: ಬಾಲಕಿಯರ ಶೌಚಾಲಯದ ಒಳಗೆ, ಸಣ್ಣ ಮಕ್ಕಳ ಕೈಗೂ ಎಟುಕುವಂತೆ ನಲ್ಲಿ. ಎರಡು: ತಾರಸಿಯ ಮೇಲೆ ಅದಕ್ಕೆಂದೇ ಬೇರೆ ಸಿಂಟೆಕ್ಸ್. ಮೂರು: ಮುಚ್ಚಳವಿರುವ ಕಸದ ಬುಟ್ಟಿ, ಅದನ್ನು ಖಾಲಿ ಮಾಡುವವರ ಸಂಬಳದ ಬಾಬ್ತು. ನಾಲ್ಕು: ಬಾಗಿಲಿಗೆ ಒಳಗಿನಿಂದ ಚಿಲಕ. ಓದಿ ಹೇಳಿದೆ.

“ಚಿಲಕ ಮೊದ್ಲಿಗೆ ತಗಾ” ಎಂದಳು. “ನೀರು ಬಕೆಟ್ಟಾಗಾದ್ರೂ ಒಯ್ಬೋದು. ಚಿಲಕ ಇಲ್ದಿದ್ರೆ ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಬಾಗಿಲು ಹಿಡ್ಕಂಡು ನಿಂತಿರಬೇಕು. ಜೊತೆಗೆ ಯಾರೂ ಬರ್ಲಿಲ್ಲ ಅಂದ್ರೆ ಆವತ್ತು ಕುಡಿಯಾದೂ ಇಲ್ಲ.”

ಚಿಲಕವನ್ನು ಒಂದನೆಯದು ಮಾಡಿ, ನಲ್ಲಿಯನ್ನು ಎರಡಕ್ಕೆ ಇಳಿಸಿ ಕಳಿಸಿದೆ. ಮರುವಾರ ಪಂಚಾಯಿತಿಯ ಸ್ವೀಕೃತಿ ಮೊಹರು ಬಿದ್ದ ಪ್ರತಿಯ ಫೋಟೊ ಬಂತು. ಚಿಲಕಕ್ಕೆ ಕಾಯಲಿಲ್ಲವಂತೆ. ಪಾವಗಡದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಘದ ದುಡ್ಡಿನಲ್ಲಿ ಕೊಂಡು, ಊರಿನ ಬಡಗಿಯನ್ನು ಕರೆದುಕೊಂಡು ಹೋಗಿ ತಾನೇ ಎದುರು ನಿಂತು ಹೊಡೆಸಿದ್ದಾಳೆ. ನಲ್ಲಿಯ ವಿಚಾರ ಮುಂದಿನ ಸಭೆಯಲ್ಲಿ ಇಡುತ್ತಾರಂತೆ.